ಮೂವತ್ತೆಂಟು ಫೋರ್ಕುಗಳ ಸಾಕ್ಷಿ

ಬೆಳಗಿನ ಐದೂವರೆ. ಶಾಸನಭವನದ ಮೆಟ್ಟಿಲ ಮೇಲೆ ಬಿದ್ದ ಹಿಮವನ್ನು ಇನ್ನೂ ಯಾರೂ ತುಳಿದಿಲ್ಲ. ಕೆಳಗೆ, ನೆಲಮಾಳಿಗೆಯ ಅಡುಗೆಮನೆಯಲ್ಲಿ, ಓಪಲ್ ಟ್ರೆಡ್‌ವೆಲ್ ಮೊಣಕೈವರೆಗೂ ರಬ್ಬರ್ ಗ್ಲೌಸ್ ಏರಿಸಿಕೊಂಡು ಪಾತ್ರೆ ತೊಳೆಯುವ ಯಂತ್ರದ ಬಾಗಿಲು ಎತ್ತುತ್ತಾರೆ. ಬುಸ್ಸೆಂದು ಹಬೆ ಮುಖಕ್ಕೆ ಬಡಿಯುತ್ತದೆ. ಕನ್ನಡಕ ಮಂಜಾದರೂ ಕೈ ನಿಲ್ಲುವುದಿಲ್ಲ.

"ಲೋ ಡ್ವೇನ್, ಮೊಟ್ಟೆ ಸೀದೋಗ್ತಿದೆ ನೋಡೋ! ಮೂಗನ್ನ ಮನೇಲಿ ಬಿಟ್ಟು ಬಂದ್ಯಾ?"

"ಮೂಗು ಇತ್ತು ಮಿಸ್ ಓಪಲ್. ನಿಮ್ ಸೋಪಿನ ಘಾಟಿಗೆ ಸತ್ತೋಯ್ತು" ಎಂದು ಅಡುಗೆಯ ಡ್ವೇನ್ ಅಲ್ಲಿಂದಲೇ ಕೂಗುತ್ತಾನೆ.

ಅಮೆರಿಕದ ನಡುಭಾಗದ ನಮ್ಮ ಈ ರಾಜ್ಯದಲ್ಲಿ ಜನವರಿಯಿಂದ ಮೇವರೆಗೆ ಅಧಿವೇಶನ. ಆ ಐದು ತಿಂಗಳು ಓಪಲ್ ದಿನಕ್ಕೆ ಸಾವಿರದ ನೂರು ತಟ್ಟೆ ತೊಳೆಯುತ್ತಾರೆ. ಗಂಟೆಗೆ ಹದಿನಾರು ಡಾಲರ್ ಸಂಬಳ. ವಯಸ್ಸು ಅರವತ್ತೊಂದು, ಬಲ ಮೊಣಕಾಲು ಸವೆದುಹೋಗಿದೆ. ಮಿಲ್ ಸ್ಟ್ರೀಟಿನ ಮನೆಯಿಂದ ನಾಲ್ಕೂ ಐವತ್ತರ ಬಸ್ಸು ಹಿಡಿಯುವ ಈ ಕೆಲಸ ಶುರುವಾಗಿ ಇಪ್ಪತ್ತಾರು ವರ್ಷ ಆಯಿತು. ಇಷ್ಟೂ ವರ್ಷದಲ್ಲಿ ಶಾಸಕರು ಕೂರುವ ಮೂರನೇ ಮಹಡಿಗೆ ಅವರು ಹತ್ತಿದ್ದು ಒಂದೇ ಸಲ. ಆ ಒಂದು ಸಲ ಸಾಕಾಯಿತು ನೋಡಿ!

ನಮ್ಮಲ್ಲೊಂದು ಕಾನೂನಿತ್ತು. ಜನರ ಬಾಯಲ್ಲಿ ಅದು 'ಹಲ್ಲುಕಡ್ಡಿ ಕಾನೂನು'. ಕಂಪನಿಗಳ ಪರ ಶಾಸಕರ ಬೆನ್ನು ಬೀಳುವ ಲಾಬಿಯವರು ಶಾಸಕರನ್ನು ಮೇಜಿಗೆ ಕೂರಿಸಿ ಉಣಬಡಿಸಿದರೆ ಅದು ಊಟ. ಯಾರು ಯಾರು ಉಂಡರೆಂದು ಹೆಸರು ಬಹಿರಂಗ ಮಾಡಬೇಕು. ನಿಂತುಕೊಂಡು ಹಲ್ಲುಕಡ್ಡಿಯಲ್ಲಿ ಚುಚ್ಚಿ ತಿಂದರೆ ಅದು ಊಟವೇ ಅಲ್ಲ! ಈ ಕಾನೂನು ಬರೆದ ಪುಣ್ಯಾತ್ಮರಿಗೆ ಹಸಿವು ಹೊಟ್ಟೆಯಲ್ಲಿರುತ್ತದೋ ಕುರ್ಚಿಯಲ್ಲಿರುತ್ತದೋ ಎಂಬ ಅನುಮಾನವಿತ್ತೆಂದು ಕಾಣುತ್ತದೆ. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಜನ ಸುಮ್ಮನೆ ಬಿಡುತ್ತಾರೆಯೇ? ಕೂರಿಸಿ ಉಣಿಸುವುದು, ಕಾಗದದಲ್ಲಿ ಮಾತ್ರ 'ನಿಂತು ತಿಂದರು' ಎಂದು ಬರೆಯುವುದು, ವರ್ಷಗಟ್ಟಲೆ ನಡೆದೇ ಇತ್ತು.

ಕಳೆದ ಫೆಬ್ರವರಿಯಲ್ಲಿ ನಮ್ಮ ಊರಿಗೆ ನೀರು ಕೊಡುವ ಖಾಸಗಿ ಕಂಪನಿ ಮೂರನೇ ಮಹಡಿಯಲ್ಲಿ ಬೆಳಗಿನ ತಿಂಡಿ ಏರ್ಪಡಿಸಿತು. ಯಾರನ್ನೂ ಕೇಳದೆ ನೀರಿನ ದರ ಏರಿಸಲು ಕಂಪನಿಗೆ ಅಧಿಕಾರ ಕೊಡುವ ಮಸೂದೆ ಅದೇ ಮಧ್ಯಾಹ್ನ ಸದನದ ಒಂದು ಸಮಿತಿಯ ಮುಂದಿತ್ತು, ಅಲ್ಲಿ ಪಾಸೂ ಆಯಿತು. ಅದು ಕೂತು ಉಂಡ ಊಟವೇ ಎಂದು ಯಾರೋ ದೂರು ಕೊಟ್ಟರು. "ಸಾಸೇಜ್ ತುಂಡು, ದ್ರಾಕ್ಷಿ, ಹಲ್ಲುಕಡ್ಡಿ. ಎಲ್ಲರೂ ನಿಂತೇ ಇದ್ದರು" ಎಂದಿತು ಕಂಪನಿ. ಶಾಸಕರ ನಡತೆ ವಿಚಾರಿಸುವ ನೈತಿಕತಾ ಸಮಿತಿ ಅಡುಗೆಮನೆಯ ಅಷ್ಟೂ ಜನರಿಗೆ ಸಾಕ್ಷಿ ಹೇಳಲು ಸಮನ್ಸ್ ಕಳಿಸಿತು.

ಓಪಲ್ ಹೇಳುವಂತೆ, ಕ್ಯಾಂಟೀನ್ ಗುತ್ತಿಗೆದಾರ ಲೈಲ್ ಪ್ರೂಯಿಟ್ ಸೀದಾ ಸಿಂಕಿನ ಹತ್ತಿರ ಬಂದ.

"'ನೆನಪಿಲ್ಲ ಅಂದ್ಬಿಡು ಓಪಲ್. ನಿನ್ ವಯಸ್ಸಿಗೆ ಯಾರೂ ತಪ್ಪು ತಿಳ್ಕೊಳಲ್ಲ. ನೆನಪಾಯ್ತೋ, ಮಾರನೇ ದಿನದಿಂದ ಬರ್ಬೇಡ' ಅಂದ. 'ಉಂಡ ಮನೆಗೆ ಎರಡು ಬಗೀಬಾರ್ದು' ಅಂತ ಉಪದೇಶ ಬೇರೆ! ನಾನಂದೆ, 'ಉಂಡಿದ್ದು ಅವ್ರು ಸ್ವಾಮಿ, ನಾನು ತೊಳ್ದಿದ್ದು ಅಷ್ಟೇ.'"

ಪತ್ರಿಕೆಗೆ ಬರೆಯಲು ಬಂದ ನಾನು ಹೆದರಿಕೆ ಆಗಲಿಲ್ಲವೇ ಎಂದರೆ ಓಪಲ್ ನನ್ನನ್ನೇ ದಡ್ಡಿಯೆಂಬಂತೆ ನೋಡುತ್ತಾರೆ. "ಆಗ್ದೆ ಇರುತ್ತೇನಮ್ಮಾ? ಕಾಲು ಹೋಗಿದೆ, ತಲೆ ನೆರ್ತಿದೆ. ಇದು ಬಿಟ್ರೆ ಇನ್ಯಾರು ಕರೀತಾರೆ ನನ್ನ? ಎರಡು ದಿನ ಅನ್ನ ಸೇರ್ಲಿಲ್ಲ. ಆದ್ರೆ ಕೈ ಎತ್ತಿ ದೇವ್ರಾಣೆ ಮಾಡಿ ಸುಳ್ಳು ಹೇಳೋದು ನಮ್ಮಪ್ಪ ಕಲಿಸ್ಲಿಲ್ವಲ್ಲ, ಏನ್ ಮಾಡ್ಲಿ."

ವಿಚಾರಣೆಯ ದಿನ ನಾನೂ ಪತ್ರಕರ್ತರ ಬೆಂಚಿನಲ್ಲಿದ್ದೆ. ಬಡಿಸಿದ ಹುಡುಗಿಯರು ಒಬ್ಬೊಬ್ಬರಾಗಿ ಬಂದು, ತಲೆ ತಗ್ಗಿಸಿ, ನೆನಪಿಲ್ಲವೆಂದು ಹೋದರು. ಪಾಪ, ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಕೊನೆಗೆ ಚರ್ಚಿಗೆ ಹೋಗುವ ನೀಲಿ ಉಡುಪಿನಲ್ಲಿ, ಕುಂಟುತ್ತ, ಓಪಲ್ ಬಂದರು. ಕಂಪನಿಯ ವಕೀಲರು ನಗುನಗುತ್ತಲೇ ಶುರು ಮಾಡಿದರು.

"ಮೇಡಂ, ಆ ದಿನ ನೀವು ಆ ಕೋಣೆಯೊಳಗೆ ಇದ್ರಾ?"

"ಇಲ್ಲ ಸಾರ್. ಈ ಮಹಡಿ ನೋಡ್ತಿರೋದೇ ಇವತ್ತು."

"ಹಾಗಾದ್ರೆ ಅವ್ರು ಕೂತು ತಿಂದ್ರೋ ನಿಂತು ತಿಂದ್ರೋ, ನಿಮಗೆ ಹೇಗೆ ಗೊತ್ತು?"

"ಮೂವತ್ತೆಂಟು ತಟ್ಟೇಲಿ ಪ್ಯಾನ್‌ಕೇಕ್ ಸಿರಪ್ಪು ಹೆಪ್ಪುಗಟ್ಟಿತ್ತು. ಮೂವತ್ತೆಂಟು ಫೋರ್ಕು, ಮೂವತ್ತೆಂಟು ಚಾಕು, ಅದ್ರಲ್ಲಿ ಮಾಂಸದ ಕೊಬ್ಬು. ನೀವು ನಿಂತ್ಕೊಂಡು, ಹಲ್ಲುಕಡ್ಡೀಲಿ, ಸಿರಪ್ಪು ಸುರ್ದ ಪ್ಯಾನ್‌ಕೇಕ್ ತಿಂದು ತೋರ್ಸಿ ಸಾರ್. ಆ ಟೈ ಮೇಲೆ ಒಂದ್ ಹನಿ ಬೀಳದಿದ್ರೆ ನಾನೇ ಕೆಲ್ಸ ಬಿಟ್ಟು ಹೋಗ್ತೀನಿ."

ಸಭೆ ಗೊಳ್ಳೆಂದಿತು. ವಕೀಲರ ಕೈ ತನ್ನಷ್ಟಕ್ಕೆ ಟೈ ಮೇಲೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

"ತಿಂಗಳ ಹಿಂದಿನ ಲೆಕ್ಕ ಇಷ್ಟು ಕರಾರುವಾಕ್ಕಾಗಿ ಹೇಗೆ ನೆನಪಿರುತ್ತೆ?"

"ನೆನಪಿಂದಲ್ಲ ಸಾರ್, ಬರ್ದಿಟ್ಟಿದ್ದೀನಿ" ಎಂದು ಓಪಲ್ ಕೈಚೀಲದಿಂದ ಒದ್ದೆಯಾಗಿ ಒಣಗಿ ಉಬ್ಬಿದ ನೋಟ್‌ಬುಕ್ ತೆಗೆದರು. "ಒಂದು ಫೋರ್ಕು ಕಳ್ದೋದ್ರೆ ನನ್ ಸಂಬಳದಲ್ಲಿ ಒಂದು ಡಾಲರ್ ಕಟ್. ಮಿಸ್ಟರ್ ಪ್ರೂಯಿಟ್ ಮಾಡಿದ ಕಾನೂನು. ಅದಕ್ಕೇ ಇಪ್ಪತ್ತಾರು ವರ್ಷದಿಂದ ಮೇಲೆ ಹೋಗಿದ್ದೆಷ್ಟು, ಕೆಳಗೆ ಬಂದಿದ್ದೆಷ್ಟು, ಯಾವ್ ಪಾರ್ಟಿದು, ಎಲ್ಲಾ ಬರೀತೀನಿ. ಅವತ್ತು ಮೇಲಿದ್ದಿದ್ದು ಈ ನೀರಿನ ಕಂಪನಿ ಪಾರ್ಟಿ ಒಂದೇ. ಬೇಕಾದ್ರೆ ಮಿಸ್ಟರ್ ಪ್ರೂಯಿಟ್‌ನೇ ಕೇಳಿ, ಅಲ್ಲೇ ಕೂತಿದ್ದಾರೆ."

ಸಮಿತಿಯ ಅಧ್ಯಕ್ಷೆ ವಿಲಾ ಸ್ಟ್ರೂಬೆಲ್ ಕನ್ನಡಕದ ಮೇಲಿಂದ ಪ್ರೂಯಿಟ್ ಕಡೆ ನೋಡಿದರು. ನೋಟ್‌ಬುಕ್ ನಿಮ್ಮದೇ ಏರ್ಪಾಡೇ ಎಂದರು. ಅವನ ಸಹಿ ಪುಟಪುಟದಲ್ಲೂ ಇತ್ತು. ಹೌದೆನ್ನದೆ ಬೇರೆ ದಾರಿಯಿರಲಿಲ್ಲ. ನನ್ನ ಪಕ್ಕದ ಹಿರಿಯ ವರದಿಗಾರ ಪೆನ್ನು ಕೆಳಗಿಟ್ಟು ಚಪ್ಪಾಳೆ ತಟ್ಟಿಬಿಟ್ಟ. ಪತ್ರಕರ್ತರು ಹಾಗೆ ಮಾಡಬಾರದು. ನಾನೂ ತಟ್ಟಿದೆ.

ಮಾರನೇ ಬೆಳಿಗ್ಗೆ ಓಪಲ್ ಕೆಲಸದ ಕಾರ್ಡು ಹಿಡಿದರೆ ಬಾಗಿಲು ತೆರೆಯಲಿಲ್ಲ, ಕೆಂಪು ದೀಪ ಹತ್ತಿತು. ಆಡಿದ ಮಾತಿನಂತೆ ಪ್ರೂಯಿಟ್ ಕೆಲಸದಿಂದ ತೆಗೆದಿದ್ದ. ಆದರೆ ಅಡುಗೆಮನೆ ಅವನ ಕೈಗೆ ಸಿಗಲಿಲ್ಲ. ಡ್ವೇನ್‌ನಿಂದ ಹಿಡಿದು, ನೆನಪಿಲ್ಲವೆಂದಿದ್ದ ಹುಡುಗಿಯರವರೆಗೆ, ಒಬ್ಬರೂ ಸಿಂಕು ಮುಟ್ಟಲಿಲ್ಲ. "ಅದು ಮಿಸ್ ಓಪಲ್ ಜಾಗ" ಅಂದರೆ ಮುಗಿಯಿತು. ಪ್ರೂಯಿಟ್ ತಾನೇ ತೋಳು ಮಡಚಿ ನಿಂತ. ಎರಡನೇ ದಿನಕ್ಕೆ ಯಂತ್ರ ಕೆಟ್ಟಿತು, ನಾಲ್ಕನೇ ದಿನಕ್ಕೆ ಶಾಸಕರು ಕಾಗದದ ತಟ್ಟೆಯಲ್ಲಿ ತಿಂದರು. ಸಾಕ್ಷಿ ಹೇಳಿದವರನ್ನು ಶಿಕ್ಷಿಸುವುದು ಅಪರಾಧ ಎಂದು ಅಧ್ಯಕ್ಷೆಯ ಪತ್ರ ಬಂದದ್ದು ಐದನೇ ದಿನ. ಆರನೇ ದಿನ ಅವನು ಮಿಲ್ ಸ್ಟ್ರೀಟಿಗೆ ಬಂದು ಬಾಗಿಲು ತಟ್ಟಿದ.

"ಒಳಗೆ ಕರ್ದೆ. ಕಾಫಿ ಕೊಟ್ಟೆ. 'ಬರ್ತೀನಪ್ಪ, ಫೋರ್ಕಿಗೆ ಡಾಲರ್ ಮುರ್ಕೊಳೋದು ಇವತ್ತಿಗೆ ನಿಲ್ಬೇಕು, ಯಾರಿಗೂ' ಅಂದೆ. ತಲೆ ಆಡಿಸ್ದ."

ಉಪ್ಪು ತಿಂದವರು ನೀರು ಕುಡಿಯಲೇಬೇಕಾಯಿತು. ಅಂದು ಮೇಜಿಗೆ ಕೂತವರ ಹೆಸರುಗಳು ಪತ್ರಿಕೆಯ ಮೊದಲ ಪುಟದಲ್ಲಿ ಬಂದವು. ಕಂಪನಿಗೆ ದಂಡ ಬಿತ್ತು. ಪೂರ್ಣ ಸದನಕ್ಕೆ ಬಂದ ಆ ನೀರಿನ ದರದ ಮಸೂದೆಗೆ, ತಿಂದವರೇ ಕೈ ಎತ್ತಲು ನಾಚಿ, ಹನ್ನೊಂದು ಮತಗಳ ಸೋಲಾಯಿತು. ಮಿಲ್ ಸ್ಟ್ರೀಟಿನಲ್ಲಿ ಅಂದು ಕಾರುಗಳ ಹಾರನ್ನೇ ಹಾರನ್ನು! ಏಪ್ರಿಲ್‌ನಲ್ಲಿ ಕಾನೂನೂ ಬದಲಾಯಿತು: ಕೂತರೂ ನಿಂತರೂ ಊಟ ಊಟವೇ, ಉಂಡವರ ಹೆಸರು ಬರಲೇಬೇಕು.

ಮಧ್ಯಾಹ್ನ ಎರಡಕ್ಕೆ ಪಾಳಿ ಮುಗಿಯುತ್ತದೆ. ಬಸ್ ನಿಲ್ದಾಣದೆದುರಿನ ಚಿಕ್ಕ ಹೋಟೆಲಿನಲ್ಲಿ ನಾವಿಬ್ಬರೂ ಸೇಬಿನ ಪೈ ತಿನ್ನುತ್ತೇವೆ. ಚುನಾವಣೆಗೆ ನಿಲ್ಲಿ ಎಂದು ಊರವರು ಪೀಡಿಸುತ್ತಿದ್ದಾರಲ್ಲ ಎಂದು ಕೆಣಕುತ್ತೇನೆ. "ಅಯ್ಯೋ, ತಟ್ಟೆ ತೊಳೆಯೋಳು ಬೇಡ್ವಾ ಊರಿಗೆ?" ಎಂದು ನಗುತ್ತಾರೆ. ಬಿಲ್ಲು ಬರುತ್ತದೆ. ನಾನು ಕೈ ಚಾಚಿದ್ದೇ ತಡ, ಪಟ್ಟನೆ ಏಟು ಬೀಳುತ್ತದೆ.

"ತೆಗಿ ಕೈನ! ನನ್ ಬಗ್ಗೆ ಬರೆಯೋಳು ನೀನು. ನೀ ತಿನ್ಸಿದ್ನ ನಾ ತಿಂದ್ರೆ ನಾನು ಆಡಿದ್ದಕ್ಕೂ ಬೆಲೆ ಇಲ್ಲ, ನೀನು ಬರೆದಿದ್ದಕ್ಕೂ ಇಲ್ಲ."

ಬಿಸಿನೀರಿಗೆ ಸುಕ್ಕುಗಟ್ಟಿದ ಬೆರಳುಗಳಿಂದ ತಮ್ಮ ಪಾಲಿನ ಆರು ಡಾಲರನ್ನು ಎಣಿಸಿ ಮೇಜಿನ ಮೇಲಿಡುತ್ತಾರೆ. ಎದ್ದು, ಕೋಟಿನ ಗುಂಡಿ ಹಾಕಿಕೊಳ್ಳುತ್ತಾರೆ.

"ಬಿಡಮ್ಮಾ, ನನಗೇನ್ ಕಮ್ಮಿ? ನಾಳೆನೂ ಕೆಲಸ ಇದೆ ನಂಗೆ."