ನಕ್ಷತ್ರಕ್ಕಾಗಿ ನಿಲ್ಲುವ ಮಗ್ಗಗಳು

ಗುಳೇದಗುಡ್ಡದ ಓಣಿಗೆ ಇನ್ನೂ ಬೆಳಕು ಹರಿದಿಲ್ಲ. ರವಿಕೆ ಖಣದ ಮಗ್ಗಗಳ ಸದ್ದು ಆಗಲೇ ಶುರುವಾಗಿದೆ. ಮಹೇಶ್ವರಿಯವರ ಫೋನಿನಲ್ಲಿ ಗಂಟೆ ಹೊಡೆಯುತ್ತದೆ. ತಾಯಿ ಗುರುಲಿಂಗವ್ವ ಲಾಳಿ ಹಿಡಿದ ಕೈ ತಡೆಯುತ್ತಾರೆ. ಆ ಮೌನ ಕೇಳಿ ಪಕ್ಕದ ಮನೆಯ ಮಗ್ಗ ನಿಲ್ಲುತ್ತದೆ. ಆಮೇಲೆ ಅದರಾಚೆಯದು. ನೋಡನೋಡುತ್ತ ಓಣಿಯ ತುದಿಯವರೆಗೆ ಸದ್ದಡಗುತ್ತದೆ.

ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಹೆಣ ಎತ್ತುವವರೆಗೆ ಇಲ್ಲಿ ಮಗ್ಗ ಆಡಿಸುವುದಿಲ್ಲ. ಇವತ್ತು ಸತ್ತಿರುವುದು ಒಂದು ನಕ್ಷತ್ರ.

ಸತ್ತದ್ದು ಭೂಮಿ ಹುಟ್ಟುವ ಮೊದಲೇ ಇರಬಹುದು. ಸುದ್ದಿ ಮುಟ್ಟಿದ್ದು ಈಗ. ದೊಡ್ಡ ನಕ್ಷತ್ರ ಕುಸಿಯುವಾಗ ಗಾಮಾ ಕಿರಣಗಳು ಸಿಡಿಯುತ್ತವೆ. ಉಪಗ್ರಹ ಅವನ್ನು ಕಂಡ ಕೂಡಲೇ ಈ ಫೋನಿಗೆ ತಿಳಿಸುತ್ತದೆ. ಹಿಂದೆ ಉಳಿದ ಬೆಳಕು ಆರುವ ಮೊದಲು ದೇಶದೇಶದ ವೀಕ್ಷಣಾಲಯಗಳಿಗೆ ಹೇಳಿ ದೂರದರ್ಶಕಗಳನ್ನು ಆ ಕಡೆ ತಿರುಗಿಸುವುದು ಮಹೇಶ್ವರಿಯವರ ಕೆಲಸ. ಬಾಗಲಕೋಟೆಯಲ್ಲಿ ಬಿ.ಎಸ್ಸಿ. ಓದಿ ಕೆರೂರಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಅಪ್ಪ ಹಾಸಿಗೆ ಹಿಡಿದಾಗ, ಮನೆಯಿಂದಲೇ ಮಾಡಬಹುದೆಂದು ಇದನ್ನು ಹಿಡಿದರು. "ಹುಕುಂ ಮಾಡೂ ಅಧಿಕಾರ ನನಗಿಲ್ರಿ. ಕೈಮುಗಿದು ಕೇಳೂದಷ್ಟ," ಎನ್ನುತ್ತಾರೆ.

ಮೊದಲ ಸಲ ಗಂಟೆ ಹೊಡೆದಾಗ ಅವರು ತಾಯಿಗೆ, "ಒಂದು ಜೀವ ಹೋತವ್ವಾ," ಎಂದುಬಿಟ್ಟಿದ್ದರು. ಮಗ್ಗಗಳು ನಿಂತವು. ನೆರೆಯ ಹುಲ್ಲಪ್ಪ ಹಾರ ಹಿಡಿದು ಓಡಿ ಬಂದ. ವಿಷಯ ತಿಳಿದ ಮೇಲೂ ಹೆಣಕ್ಕೆ ತಂದ ಹಾರವನ್ನು ಮನೆಗೆ ಒಯ್ಯಲು ಮನಸ್ಸಾಗದೆ, ಆಕಾಶಕ್ಕೆ ತೋರಿಸಿ ಅಂಗಳದಲ್ಲೇ ಇಟ್ಟು ಹೋದ. ಅಂದಿನಿಂದ ಎಲ್ಲರಿಗೂ ಗೊತ್ತು. ಆದರೂ ಗಂಟೆ ಹೊಡೆದ ಮೇಲೆ ಯಾರೂ ಲಾಳಿ ಮುಟ್ಟುವುದಿಲ್ಲ.

ಇವತ್ತು ಹಿಮಾಲಯದ ದೂರದರ್ಶಕಕ್ಕೆ ಒಂದು ಚುಕ್ಕಿ ಕಂಡಿದೆ. ಅಷ್ಟು ಸಾಲದು. ಇನ್ನೊಮ್ಮೆ ನೋಡಿದಾಗ ಅದು ಮಂದವಾಗಿದ್ದರೆ ಮಾತ್ರ ಸತ್ತ ನಕ್ಷತ್ರದ ಬೆಳಕೆಂದು ಗೊತ್ತಾಗುತ್ತದೆ. ಇಲ್ಲಿ ಮೂಡಣ ಬೆಳ್ಳಗಾಗುತ್ತಿದೆ. ಇನ್ನೂ ಕತ್ತಲಿರುವುದು ಪಡುವಣದ ದ್ವೀಪವೊಂದರ ವೀಕ್ಷಣಾಲಯದಲ್ಲಿ. ಅಲ್ಲಿನ ವಿಜ್ಞಾನಿ ಒಪ್ಪುತ್ತಿಲ್ಲ. ತಾವು ಅಭ್ಯಸಿಸುವ ನಕ್ಷತ್ರ ನೋಡಲು ಬಹಳ ಕಾಲದಿಂದ ಸರದಿ ಕಾದವರು ಅವರು.

ಮಹೇಶ್ವರಿ ಇಂಗ್ಲಿಷಿನಲ್ಲಿ ಬರೆದು ಕಳಿಸುತ್ತಾರೆ: "ನಿಮ್ಮ ನಕ್ಷತ್ರ ನಾಳೆಯೂ ಇರುತ್ತದೆ. ಇದು ಇರುವುದಿಲ್ಲ."

ಫೋನಿನ ಪರದೆಯನ್ನೇ ನೋಡುತ್ತ ಕೂರುತ್ತಾರೆ.

ಹುಲ್ಲಪ್ಪ ಬಾಗಿಲಲ್ಲಿ ತಲೆ ಹಾಕುತ್ತಾನೆ. "ಅಕ್ಕಾರ, ಎತ್ತಿದ್ರೋ ಇಲ್ಲೋ? ನಿಮ್ಮ ಮ್ಯಾಲಿನ ಮಂದಿ ನನ್ನ ಖಣ ಮುಗಿಸಗೊಡಂಗಿಲ್ಲ ನೋಡ್ರಿ."

"ತಡೀ ಹುಲ್ಲಪ್ಪ. ದೂರದವರೊಬ್ರು ಮಾರಿ ನೋಡೂದೈತಿ."

ದೂರದ ನೆಂಟರು ಬಂದು ಮುಖ ನೋಡುವ ಮೊದಲು ಹೆಣ ಎತ್ತುವುದಿಲ್ಲವೆಂದು ಬಲ್ಲ ಅವನ ನಗು ಅಲ್ಲಿಗೇ ನಿಲ್ಲುತ್ತದೆ. ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟ ಗುರುಲಿಂಗವ್ವ ಬೆಳಕಿಂಡಿಯತ್ತ ನೋಡುತ್ತಾರೆ. "ಯಾರೂ ಬರ್ಲಿಲ್ಲೇನವಾ ಅದಕ್ಕ?"

ಬೆಳಕಿಂಡಿ ಕೆಂಪಾಗುತ್ತದೆ. ಆಮೇಲೆ ಪರದೆಯ ಮೇಲೆ ಎರಡೇ ಪದ ಮೂಡುತ್ತವೆ: ಕಂಡಿತು. ಮಂದವಾಗಿದೆ.

"ಬಂದ್ರವ್ವಾ. ನೋಡಿದ್ರು."

"ಹಂಗಾರ ಎತ್ರಿ," ಎಂದು ಗುರುಲಿಂಗವ್ವ ಲಾಳಿ ಎಸೆಯುತ್ತಾರೆ. ಪಕ್ಕದ ಮನೆಯ ಮಗ್ಗ ದನಿಗೂಡಿಸುತ್ತದೆ. ಆಮೇಲೆ ಅದರಾಚೆಯದು.

ಈ ನಕ್ಷತ್ರದ ಬಗ್ಗೆ ವಿಜ್ಞಾನಿಗಳು ಬರೆಯುವ ಪ್ರಬಂಧದಲ್ಲಿ ನಿಮ್ಮ ಹೆಸರು ಬರುತ್ತದೆಯೇ ಎಂದು ಕೇಳಿದರೆ ಮಹೇಶ್ವರಿ ಇಲ್ಲವೆಂದು ತಲೆಯಾಡಿಸುತ್ತಾರೆ.

"ಬ್ಯಾಡ್ರಿ. ಅಷ್ಟು ದೂರದಿಂದ ಬಂದದ್ದು, ಯಾರೂ ಮಾರಿ ನೋಡದಂಗ ಹೋಗಬಾರ್ದು. ನಾ ಇರೂತನ ಹಂಗ ಹೋಗಗೊಡಂಗಿಲ್ಲ."