ಅತ್ತೆ ಉಪ್ಪು ನೋಡಲು ಹೋದದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬಸವನಗುಡಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಭೂಗೋಳ ಪಾಠ ಮಾಡಿದ ನಾನು, ಬಸ್ಸು ಕೆಂಗೇರಿ ದಾಟುವಷ್ಟರಲ್ಲಿ ನಿಂಬೆಹಣ್ಣು ಮೂಸತೊಡಗುವ ಹೆಂಗಸು. ಬೆತ್ತದ ತುದಿಯಲ್ಲಿ ಸಹಾರಾ ಮರುಭೂಮಿಯನ್ನು ಎರಡೇ ಕ್ಷಣದಲ್ಲಿ ದಾಟಿದ್ದೇನೆ. ನಕ್ಷೆಯ ಸುರುಳಿ ಬಿಚ್ಚಿ ಖಂಡಗಳನ್ನು ಮೊಳೆಗೆ ನೇತುಹಾಕಿದ್ದೇನೆ. ಆದರೆ ಮೈಸೂರು, ತಿರುಪತಿ, ತವರೂರಾದ ತುಮಕೂರು, ಇಷ್ಟು ಬಿಟ್ಟರೆ ಈ ಕಥೆ ನಡೆಯುವ ತನಕ ನಾನು ಕಂಡಿದ್ದ ಜಗತ್ತೆಲ್ಲ ಆ ಮೊಳೆಯ ಮೇಲಿನದೇ. ಒಮ್ಮೆ ಎಂಟನೇ ತರಗತಿಯ ಹುಡುಗಿಯೊಬ್ಬಳು, "ಮಿಸ್, ನೀವು ಸಮುದ್ರ ನೋಡಿದೀರಾ?" ಎಂದು ಕೇಳಿದಳು. "ಅದು ಪರೀಕ್ಷೆಗೆ ಬರಲ್ಲ, ಕೂತ್ಕೋ" ಎಂದಿದ್ದೆ.

ಇಂಥವಳಿಗೆ ಊರು ಬಿಟ್ಟು ಹೋಗುವ ಆಸೆ ಹುಟ್ಟಿಸಿದ್ದು ಸಿನಿಮಾ. ಸಿನಿಮಾ ಎಂದರೆ ನೀವಂದುಕೊಂಡಂಥವಲ್ಲ. ದೊಡ್ಡ ಥಿಯೇಟರಿನ ಚಿತ್ರಗಳಲ್ಲಿ ಹಿಮಪರ್ವತ ಬಂದರೆ ಅದರ ಮುಂದೆ ಯಾರಾದರೂ ಕುಣಿಯುತ್ತಲೇ ಇರುತ್ತಾರೆ. ಅಂಥ ಚಳಿಯಲ್ಲಿ ನಾಯಕಿಗೆ ತೆಳು ಸೀರೆ, ನಾಯಕನಿಗೆ ಉಣ್ಣೆಯ ಕೋಟು. ನೋಡಿದರೆ ಆ ಹುಡುಗಿಗೊಂದು ಶಾಲು ಕೊಡಬೇಕೆನ್ನಿಸುತ್ತದೆಯೇ ಹೊರತು ಅಲ್ಲಿಗೆ ಹೋಗಬೇಕೆನ್ನಿಸುವುದಿಲ್ಲ. ಆ ಜಾಗಗಳು ಆಗಲೇ ಭರ್ತಿಯಾಗಿವೆ. ಯಾರೂ ಕೇಳದ, ಪೋಸ್ಟರಿಲ್ಲದ ಸಣ್ಣ ಚಿತ್ರಗಳ ರೀತಿಯೇ ಬೇರೆ. ಅಲ್ಲಿ ಕ್ಯಾಮೆರಾ ಒಂದು ಬೆಟ್ಟವನ್ನು ಸುಮ್ಮನೆ ನೋಡುತ್ತದೆ, ನೋಡುತ್ತಲೇ ಇರುತ್ತದೆ. ನಮಗೆ ಬೇಸರವಾಗುತ್ತದೆ. ಬೇಸರ ಕಳೆದ ಮೇಲೆ ಬೆಟ್ಟ ಕಾಣತೊಡಗುತ್ತದೆ.

ಅಂಥ ಚಿತ್ರಗಳನ್ನು ತೊಂಬತ್ತರ ದಶಕದಲ್ಲಿ ಚಾಮರಾಜಪೇಟೆಯ ಒಂದು ಮಹಡಿಯ ಹಾಲಿನಲ್ಲಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ತೋರಿಸುತ್ತಿದ್ದರು. ತೋರಿಸುತ್ತಿದ್ದವರು ಶಾಮಣ್ಣ. ಸರ್ಕಾರದ ಪ್ರಚಾರದ ವ್ಯಾನಿನಲ್ಲಿ ಹಳ್ಳಿಹಳ್ಳಿಗೆ ಪ್ರೊಜೆಕ್ಟರ್ ಹೊತ್ತು ತಿರುಗಿ ನಿವೃತ್ತರಾದವರು. ಕಿಟಕಿಗಳಿಗೆ ಕರಿ ಕಂಬಳಿ ಕಟ್ಟಿ, ಗೋಡೆಗೆ ಬಿಳಿ ಬಟ್ಟೆ ಬಿಗಿದು, ಹದಿನಾಲ್ಕು ಹದಿನೈದು ಜನರಿಗಾಗಿ ಹಬ್ಬದ ಹಾಗೆ ಸಿದ್ಧತೆ ಮಾಡುತ್ತಿದ್ದರು. ನೋಡಿದ ಚಿತ್ರಗಳಲ್ಲಿ ಅರ್ಧದ ಹೆಸರು ನನಗೆ ನೆನಪಿಲ್ಲ. ಒಂದರಲ್ಲಿ ಚಳಿನಾಡಿನ ಸರೋವರದಾಚೆ ಟಪಾಲು ತಲುಪಿಸುವ ಮುದುಕನಿದ್ದ. ಇನ್ನೊಂದರಲ್ಲಿ ಕುರಿಮಂದೆಯೊಂದು ಕಣಿವೆ ದಾಟುವುದೇ ಕಥೆ. ಆ ಕುರಿಗಳು ಅಂತೂ ದಾಟಿದಾಗ ನಾವು ಹದಿನಾಲ್ಕೂ ಜನ ಚಪ್ಪಾಳೆ ತಟ್ಟಿದ್ದೆವು. ಭಾಷೆ ತಿಳಿಯುತ್ತಿರಲಿಲ್ಲ. "ಕಣ್ಣಿದೆಯಲ್ಲಮ್ಮ, ಭಾಷೆ ಯಾಕೆ?" ಎನ್ನುತ್ತಿದ್ದರು ಶಾಮಣ್ಣ.

ಮನೆಯಲ್ಲಿ ಮಾತ್ರ ನಾನು "ಸ್ಕೂಲಿನ ಕೆಲಸ" ಎಂದು ಹೇಳಿ ಹೊರಡುತ್ತಿದ್ದೆ. ಭಾನುವಾರ ಬೆಳಿಗ್ಗೆ ಅಡುಗೆ ಬೇಗ ಮುಗಿಸಿ ಸಿನಿಮಾಕ್ಕೆ ಹೋಗುವ ಸೊಸೆ ಎನ್ನಿಸಿಕೊಳ್ಳಲು ನನಗೆ ಧೈರ್ಯವಿರಲಿಲ್ಲ. ಅತ್ತೆಗೆ ಆಗ ಅರವತ್ತೊಂಬತ್ತು. ಹೆಸರು ಕಮಲಮ್ಮ. ಮಾವ ತೀರಿಕೊಂಡು ಏಳು ವರ್ಷವಾಗಿತ್ತು. ಮಿತಭಾಷಿ. ಎರಡೂ ಕಣ್ಣಿಗೆ ಪೊರೆ ಬರತೊಡಗಿತ್ತು. "ಇನ್ನೂ ಬಲೀಲಿ, ಆಮೇಲೆ ಆಪರೇಷನ್ ಮಾಡೋಣ" ಎಂದಿದ್ದರು ಡಾಕ್ಟರು. ಆಪರೇಷನ್ ಎಂಬ ಮಾತು ಕೇಳಿದರೇ ಅತ್ತೆ ಎದ್ದು ದೇವರ ಮನೆಗೆ ಹೋಗಿಬಿಡುತ್ತಿದ್ದರು.

ಒಂದು ಭಾನುವಾರ ನಾನು ಚಪ್ಪಲಿ ಮೆಟ್ಟುತ್ತಿದ್ದಾಗ ಅತ್ತೆ ಸೀರೆ ಬದಲಾಯಿಸಿಕೊಂಡು ಬಂದು ನಿಂತರು.

"ನಾನೂ ಬರ್ತೀನಿ ವಿಮಲಾ."

"ಎಲ್ಲಿಗೆ ಅತ್ತೆ? ನಂದು ಸ್ಕೂಲ್ ಕೆಲಸ..."

"ಸ್ಕೂಲ್ ಕೆಲಸ ಮುಗಿಸಿ ಬಂದೋರ ಮುಖ ನಂಗೆ ಗೊತ್ತು. ಸೋಮವಾರದಿಂದ ಶನಿವಾರದವರೆಗೂ ನೋಡ್ತೀನಲ್ಲ. ಭಾನುವಾರದ್ದು ಬೇರೆ ಮುಖ. ಏನು ತೋರಿಸ್ತಾರೆ ಅಲ್ಲಿ?"

ಸುಳ್ಳು ಸಿಕ್ಕಿಬಿದ್ದ ಮೇಲೆ ಮಾಡುವುದೇನು? ಕೈಹಿಡಿದು ಕರೆದುಕೊಂಡು ಹೋದೆ. ಶಾಮಣ್ಣ ಗೌರವದಿಂದ ಮುಂದಿನ ಸಾಲಿನಲ್ಲಿ ಬೆತ್ತದ ಕುರ್ಚಿ ಹಾಕಿಸಿ, "ಇವತ್ತಿನ ಚಿತ್ರಕ್ಕೆ ಹೆಸರಿಲ್ಲ ತಾಯಿ. ರೀಲಿನ ಮೊದಲಿನ ಭಾಗ ಹರಿದುಹೋಗಿದೆ, ಅದರ ಜೊತೆ ಹೆಸರೂ ಹೋಯ್ತು" ಎಂದರು.

ಅದು ಗುಜರಾತಿನ ಕಛ್ ಕಡೆಯ, ರಣ್ ಎಂದು ಕರೆಯುವ ಬಯಲಿನ ಚಿತ್ರ. ಮಳೆಗಾಲದಲ್ಲಿ ನೀರು ನಿಲ್ಲುವ, ಚಳಿಗಾಲದಲ್ಲಿ ಒಣಗಿ ಬಿರಿಯುವ ನೆಲ. ನೆಲದೊಳಗಿನ ಉಪ್ಪುನೀರನ್ನು ಮೇಲೆತ್ತಿ, ಗದ್ದೆಯಂತೆ ಬದು ಕಟ್ಟಿದ ಮಡಿಗಳಲ್ಲಿ ನಿಲ್ಲಿಸಿ, ಬಿಸಿಲಿಗೆ ಬಿಟ್ಟು ಉಪ್ಪು ಬೆಳೆಯುವ ಸಂಸಾರಗಳು. ಅವರನ್ನು ಅಗರಿಯಾ ಎನ್ನುತ್ತಾರಂತೆ. ನಮ್ಮ ಕರಾವಳಿಯಲ್ಲಿ ಉಪ್ಪಿನ ಗದ್ದೆಗೆ ಆಗರ ಎಂಬ ಹೆಸರಿದೆಯಲ್ಲ, ಎರಡೂ ಒಂದೇ ಬೇರಿನ ಮಾತಿರಬೇಕು ಎಂದು ನಾನು ಕತ್ತಲಲ್ಲೇ ಪಂಡಿತಳಂತೆ ಯೋಚಿಸುತ್ತಿದ್ದೆ. ಅತ್ತೆ ಯೋಚಿಸುತ್ತಿರಲಿಲ್ಲ, ನೋಡುತ್ತಿದ್ದರು. ತೆರೆಯ ಮೇಲೆ ಒಬ್ಬಳು ಹೆಂಗಸು ತಲೆಯ ಮೇಲೆ ಕೊಡ ಹೊತ್ತು ಆ ಬಯಲಿನಲ್ಲಿ ನಡೆದು ಹೋಗುತ್ತಾಳೆ. ಮಾತಿಲ್ಲ, ಸಂಗೀತವಿಲ್ಲ. ಅವಳು ಚಿಕ್ಕವಳಾಗುತ್ತ ಆಗುತ್ತ ಸಾಸಿವೆಯಷ್ಟಾದರೂ ಬಯಲು ಮುಗಿಯುವುದಿಲ್ಲ. ಅತ್ತೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ್ದರು. ಪ್ರೊಜೆಕ್ಟರಿನ ಬೆಳಕಿನಲ್ಲಿ ಅವರ ಬಾಯಿ ತುಸು ತೆರೆದಿದ್ದುದು ಕಂಡಿತು. ಅವರನ್ನು ಹಾಗೆ ನಾನು ಎಂದೂ ನೋಡಿರಲಿಲ್ಲ.

ಶಂಕರಪುರಂನ ಬೀದಿಗಳಲ್ಲಿ ನಡೆದು ಮನೆಗೆ ಹೊರಟೆವು. ಮನೆ ಹತ್ತಿರವಾದಾಗ ಅತ್ತೆ ನಿಂತು, "ಅಲ್ಲಿಗೆ ಹೋಗೋಕೆ ರೈಲಿದೆಯಾ?" ಎಂದು ಕೇಳಿದರು.

ನಾನು ನಕ್ಕೆ. ಅವರು ನಗಲಿಲ್ಲ.

"ನಾನೂ ಊರುಗಳಿಗೆ ಹೋಗಿದೀನಿ ವಿಮಲಾ. ಬಾಣಂತನಕ್ಕೆ ಹೋಗಿದೀನಿ, ಮದುವೆಗೆ ಹೋಗಿದೀನಿ, ಸಾವಿಗೆ ಹೋಗಿದೀನಿ, ದೇವರಿಗೆ ಹೋಗಿದೀನಿ. ಎಲ್ಲಾ ಕಡೆ ಯಾರೋ ಕರ್ಕೊಂಡು ಹೋದ್ರು, ಹೋದೆ. ನಿಂಗೆಲ್ಲಿಗೆ ಹೋಗ್ಬೇಕು ಅಂತ ಯಾರೂ ಕೇಳ್ಲಿಲ್ಲ. ಕೇಳಿದ್ರೂ ನಂಗೆ ಗೊತ್ತಿರ್ಲಿಲ್ಲ. ಈಗ ಗೊತ್ತಾಯ್ತು. ಕಣ್ಣು ಪೂರ್ತಿ ಹೋಗೋದ್ರೊಳಗೆ ನೋಡ್ಬೇಕು."

ಪ್ರವಾಸ ಎಂಬ ಪದಕ್ಕೆ ನಮ್ಮ ಕಾವ್ಯಶಾಸ್ತ್ರದಲ್ಲಿ ಒಂದು ವಿಚಿತ್ರ ಸ್ಥಾನವಿದೆ. ಅಲ್ಲಿ ಅದು ವಿರಹದ ಕಾರಣಗಳಲ್ಲೊಂದು. ಗಂಡು ದೇಶಾಂತರ ಹೋಗುವುದು ಪ್ರವಾಸ. ಹೆಣ್ಣಿನ ಪಾಲಿಗೆ ಬಂದದ್ದು ಕಿಟಕಿ. ಅವಳೂ ಹೋಗಬಹುದೆಂದು ಆ ಶಾಸ್ತ್ರಕಾರರಿಗೆ ತೋಚಲಿಲ್ಲ. ನಮ್ಮ ಯಜಮಾನರಿಗೂ ತೋಚಲಿಲ್ಲ. ಊಟಕ್ಕೆ ಕೂತಾಗ ವಿಷಯ ಕೇಳಿ ಅವರು ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟರು.

"ಉಪ್ಪು ನೋಡೋಕೆ ಅಷ್ಟು ದೂರ ರೈಲಲ್ಲಿ ಹೋಗ್ಬೇಕೇನಮ್ಮ? ನಮ್ಮ ಅಡುಗೆಮನೇಲೇ ಇದೆಯಲ್ಲ!"

"ಅಡುಗೆಮನೆ ನೋಡಾಯ್ತಲ್ಲೋ" ಎಂದರು ಅತ್ತೆ, ಹುಳಿ ಬಡಿಸುತ್ತ.

ನಮ್ಮವರು ಎರಡು ತಿಂಗಳು ಅದಕ್ಕೆ ಉತ್ತರ ಹುಡುಕಿದರು. ಅಮ್ಮನ ವಯಸ್ಸು, ಅಮ್ಮನ ಕಣ್ಣು, ಅಮ್ಮ ಹೊರಗೆ ನೀರು ಕೂಡ ಮುಟ್ಟದಿರುವುದು, ನನ್ನ ಹೊಟ್ಟೆ ತೊಳಸುವಿಕೆ. ಎಲ್ಲವೂ ನ್ಯಾಯವಾದ ಮಾತೇ. ಅಷ್ಟರಲ್ಲಿ ನನ್ನಿಂದ ವಿಷಯ ತಿಳಿದ ಶಾಮಣ್ಣ ರೀಲಿನ ಡಬ್ಬದ ಮೇಲಿದ್ದ ವಿಳಾಸಕ್ಕೆ ಕಾಗದ ಬರೆದಿದ್ದರು. ಚಿತ್ರ ತೆಗೆಯುವಾಗ ನೆರವಾಗಿದ್ದ ಹಳ್ಳಿಯ ಶಾಲಾ ಮೇಷ್ಟ್ರೊಬ್ಬರಿಂದ ಹಿಂದಿಯಲ್ಲಿ ಉತ್ತರ ಬಂತು: "ತಾಯಿಯವರನ್ನು ಕರೆದುಕೊಂಡು ಬನ್ನಿ. ಇಲ್ಲಿಗೆ ಇದುವರೆಗೆ ಉಪ್ಪು ಕೊಳ್ಳುವವರು ಬಂದಿದ್ದಾರೆ, ನೋಡುವವರು ಬಂದಿಲ್ಲ." ಆ ಕಾಗದವನ್ನು ನಮ್ಮವರು ಎರಡು ಸಲ ಓದಿದರು. ಮಾರನೆಯ ದಿನ ಸಂಜೆ ಟಿಕೇಟಿನೊಂದಿಗೆ ಮನೆಗೆ ಬಂದರು.

ಜನವರಿಯಲ್ಲಿ ನಾವಿಬ್ಬರೇ ಹೊರಟೆವು. ರೈಲಿನಲ್ಲಿ ನನಗೆ ಹೊಟ್ಟೆ ತೊಳಸುವುದಿಲ್ಲ ಎಂಬುದು ನಲವತ್ತಾರನೆಯ ವಯಸ್ಸಿನಲ್ಲಿ ನಾನು ಮಾಡಿದ ಶೋಧ. ಅತ್ತೆ ಅವಲಕ್ಕಿ, ಚಟ್ನಿಪುಡಿ, ಹುರಿಹಿಟ್ಟು, ಮನೆಯದೇ ನೀರು ಕಟ್ಟಿಕೊಂಡಿದ್ದರು. ಕಿಟಕಿ ಬಿಟ್ಟು ಕದಲಲಿಲ್ಲ. ಪೊರೆಗಣ್ಣಿಗೆ ಏನು ಕಾಣುತ್ತಿತ್ತೋ, "ಅದೇನು? ಇದೇನು?" ಎಂದು ಕೇಳುತ್ತಲೇ ಇದ್ದರು. ಇಪ್ಪತ್ತೆರಡು ವರ್ಷದಲ್ಲಿ ಇಷ್ಟು ಪ್ರಶ್ನೆ ಕೇಳಿದ ವಿದ್ಯಾರ್ಥಿನಿ ನನಗೆ ಸಿಕ್ಕಿರಲಿಲ್ಲ. ಎಷ್ಟೋ ಪ್ರಶ್ನೆಗಳಿಗೆ "ಗೊತ್ತಿಲ್ಲ ಅತ್ತೆ" ಎಂದೆ. ಹಾಗೆನ್ನುವುದು ಕಷ್ಟವೇನಲ್ಲ ಎಂಬುದು ಎರಡನೆಯ ಶೋಧ.

ಅಹಮದಾಬಾದಿನಲ್ಲಿಳಿದು, ಇನ್ನೊಂದು ರೈಲು ಹಿಡಿದು, ಕೊನೆಗೆ ಮೇಷ್ಟ್ರ ಮನೆ ಸೇರಿದೆವು. ಮಾರನೆಯ ಬೆಳಿಗ್ಗೆ ಅವರು ಒಂದು ಜೀಪಿನಲ್ಲಿ ನಮ್ಮನ್ನು ಬಯಲಿಗೆ ಕರೆದೊಯ್ದರು. ಹಳ್ಳಿಯ ಕೊನೆಯ ಮರ ಹಿಂದೆ ಸರಿಯಿತು. ಆಮೇಲೆ ರಸ್ತೆ ಮುಗಿಯಿತು. ಆಮೇಲೆ ಹುಲ್ಲು ಮುಗಿಯಿತು. ಹಪ್ಪಳದಂತೆ ಬಿರಿದ ನೆಲದ ಮೇಲೆ ಜೀಪು ತನಗೆ ಬೇಕಾದ ಕಡೆ ಓಡಿತು. ಒಂದು ತಿರುವೂ ಇಲ್ಲ.

ಉಪ್ಪಿನ ಮಡಿಗಳ ಹತ್ತಿರ ಇಳಿದೆವು. ಎಂಜಿನ್ ನಿಂತಿತು.

ಆಕಾಶ ಮತ್ತು ಭೂಮಿ ಕೂಡಿದಂತೆ ಕಾಣುವ ರೇಖೆಗೆ ದಿಗಂತ ಎನ್ನುತ್ತಾರೆ. ಎರಡು ಅಂಕದ ಪ್ರಶ್ನೆ. ಸಾವಿರಾರು ಹುಡುಗಿಯರ ಕೈಲಿ ಬರೆಸಿದ್ದೇನೆ. ಬಸವನಗುಡಿಯಲ್ಲಿ ನಮ್ಮ ನೋಟ ಎದುರುಮನೆಯ ಕಾಂಪೌಂಡಿಗೆ ಮುಗಿಯುತ್ತದಾದ್ದರಿಂದ ಅದು ಗೆರೆಯೆಂದೇ ನಾನೂ ನಂಬಿದ್ದೆ. ಅದು ಗೆರೆಯಲ್ಲ. ಅದೊಂದು ದೊಡ್ಡ ವೃತ್ತ, ಮತ್ತು ನಾನು ಅದರ ನಟ್ಟನಡುವೆ ನಿಂತಿದ್ದೆ. ಎಲ್ಲಿ ತಿರುಗಿದರೂ ಅಷ್ಟೇ ದೂರ. ಆಕಾಶ ತಲೆಯ ಮೇಲಿನಿಂದಲ್ಲ, ಪಾದದ ಪಕ್ಕದಿಂದಲೇ ಶುರುವಾಗಿತ್ತು. ಮಡಿಗಳಲ್ಲಿ ಉಪ್ಪು ಹರಳುಗಟ್ಟಿ ಬೆಳ್ಳಗೆ ಹೊಳೆಯುತ್ತಿತ್ತು. ಸದ್ದೇ ಇರಲಿಲ್ಲ. ನನ್ನ ಉಸಿರು ನನಗೇ ಯಾರದೋ ಉಸಿರಿನಂತೆ ಕೇಳಿಸಿತು. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಪಾಠದಲ್ಲಿದ್ದ ಒಂದು ಮಾತೂ ಬರಲಿಲ್ಲ. ಕಣ್ಣು ತುಂಬಿಕೊಂಡವು. ಯಾಕೆಂದು ಇವತ್ತಿಗೂ ತಿಳಿಯದು.

ಅಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸಿನ ಹೆಸರು ಜೀವಿ ಬೆನ್; ಬೆನ್ ಎಂದರೆ ಅವರಲ್ಲಿ ಅಕ್ಕ. ನಲವತ್ತರ ಆಸುಪಾಸು. ಅವಳ ಪಾದಗಳು ಉಪ್ಪಿನಲ್ಲಿ ನಿಂತು ನಿಂತು ಮರದಂತಾಗಿದ್ದವು. ಗುಡಿಸಲ ಮುಂದೆ ಚಾಪೆ ಹಾಸಿ, ಅಲ್ಲಿಯ ರೂಢಿಯಂತೆ ನಾಲ್ಕು ತಟ್ಟೆಗಳಲ್ಲಿ ಚಹಾ ಸುರಿದುಕೊಟ್ಟಳು. ಕುಡಿಯುವ ನೀರು ಅಲ್ಲಿಗೆ ದೂರದಿಂದ ಟ್ಯಾಂಕರಿನಲ್ಲಿ ಬರಬೇಕು ಎಂದು ಮೇಷ್ಟ್ರು ಹೇಳುತ್ತಿದ್ದರು. ಅತ್ತೆ ಜನ್ಮದಲ್ಲಿ ಪರರ ಮನೆಯ ಚಹಾ ಕುಡಿದವರಲ್ಲ. "ಅವರು ಕುಡಿಯೋದಿಲ್ಲ" ಎಂದು ಹಿಂದಿಯಲ್ಲಿ ಹೇಗೆ ನಯವಾಗಿ ಹೇಳುವುದೆಂದು ನಾನು ಪರದಾಡುತ್ತಿದ್ದೆ. ನೋಡಿದರೆ ಅತ್ತೆ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಕುಡಿದು ಮುಗಿಸಿದ್ದರು. ಜೀವಿ ಬೆನ್‌ಳ ಪಾದದ ಕಡೆ ಒಮ್ಮೆ ನೋಡಿ, "ಈಕೆ ಕಾಲಲ್ಲಿ ತುಳಿದ ಉಪ್ಪನ್ನ ನಾನು ಐವತ್ತು ವರ್ಷ ಚಿಟಿಕೇಲಿ ಅಡುಗೆಗೆ ಹಾಕಿದೀನಿ" ಎಂದರು. ಆಮೇಲೆ ಎದ್ದು, ಬದುವಿನ ಮೇಲೆ ನಡೆದು, ಮಡಿಗಳನ್ನು ದಾಟಿ, ಬರಿ ಬಯಲಿಗೆ ಇಳಿದುಬಿಟ್ಟರು.

ನೂರು ಹೆಜ್ಜೆ ಹೋದರು. ಇನ್ನೂರು ಹೋದರು. ಕರೆದೆ, ಕೇಳಿಸಲಿಲ್ಲವೋ ಕೇಳಿಸಿಕೊಳ್ಳಲಿಲ್ಲವೋ. ಗುರುತು ಹಿಡಿಯಲು ಒಂದು ಕಲ್ಲೂ ಇಲ್ಲದ ಆ ನೆಲದಲ್ಲಿ, ಪೊರೆ ಬಂದ ಕಣ್ಣಿನ, ಎಪ್ಪತ್ತರ ಹತ್ತಿರದ ಹೆಂಗಸು. ಗಾಬರಿಯಿಂದ ಓಡಹೊರಟೆ. ಜೀವಿ ಬೆನ್ ನನ್ನ ಮಣಿಕಟ್ಟು ಹಿಡಿದು ಏನೋ ಹೇಳಿದಳು. ಮೇಷ್ಟ್ರು ಹಿಂದಿಗೆ ತಿರುಗಿಸಿದರು: ಬಿಡಿ, ಇಲ್ಲಿ ಯಾರೂ ಮರೆಯಾಗುವುದಿಲ್ಲ, ಮರೆಯಾಗಲು ಏನೂ ಇಲ್ಲ, ಆಯಾಸವಾದಾಗ ನಿಲ್ಲುತ್ತಾರೆ, ಆಗ ಹೋಗಿ.

ಅತ್ತೆ ಬಹಳ ದೂರದಲ್ಲಿ ನಿಂತರು. ಬಿಸಿಲುಗುದುರೆಯಲ್ಲಿ ಅವರ ಕಾಲು ನೆಲಕ್ಕೆ ತಾಗದೆ ನೀರಿನ ಮೇಲೆ ನಿಂತಂತೆ ಕಾಣುತ್ತಿತ್ತು. ನಾನು ನಿಧಾನವಾಗಿ ನಡೆದು ಹೋಗಿ ಪಕ್ಕದಲ್ಲಿ ನಿಂತೆ. ಅವರು ಮುಂದೆ ನೋಡುತ್ತಲೇ ಕೇಳಿದರು:

"ದೂರದ್ದೆಲ್ಲ ಅಲ್ಲಾಡ್ತಿದೆಯಲ್ಲ, ಮಂಜುಮಂಜಾಗಿ. ನಿಂಗೂ ಹಾಗೇ ಕಾಣ್ತಿದೆಯಾ, ಇಲ್ಲ ನನ್ನ ಕಣ್ಣೇ ಹೀಗಾ?"

"ನಂಗೂ ಹಾಗೇ ಕಾಣ್ತಿದೆ ಅತ್ತೆ. ಇಲ್ಲಿ ಎಲ್ಲರಿಗೂ ಹಾಗೇ."

"ಹಾಗಾದ್ರೆ ಸರಿ" ಎಂದರು. ಅವರ ಮುಖದಲ್ಲಿ ಮೂಡಿದ ನೆಮ್ಮದಿಯನ್ನು ನಾನು ಯಾವ ದೇವಸ್ಥಾನದ ಮುಂದೆಯೂ ಕಂಡಿರಲಿಲ್ಲ. ಇಬ್ಬರೂ ಎಷ್ಟು ಹೊತ್ತು ನಿಂತಿದ್ದೆವೋ ತಿಳಿಯದು. ಅತ್ತೆ ಸೊಸೆ ಎಂಬುದು ಅಷ್ಟು ದೊಡ್ಡ ಜಾಗದಲ್ಲಿ ಅಂಥ ದೊಡ್ಡ ಸಂಗತಿಯಾಗಿ ತೋರಲಿಲ್ಲ. ಎರಡು ಜೊತೆ ಕಣ್ಣು, ಅಷ್ಟೇ.

ಊರಿಗೆ ಬಂದ ಮೇಲೆ ಅವರು ತಾವಾಗಿಯೇ ಡಾಕ್ಟರ ಹತ್ತಿರ ಹೋಗಿ ಕೂತರು. ಆಪರೇಷನ್ ಸಲೀಸಾಗಿ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡು ಹಜಾರದಲ್ಲಿ ಕೂತಿದ್ದಾಗ ಬೀದಿಯ ಹೆಂಗಸರು ಹಣ್ಣು ಹಿಡಿದು ನೋಡಲು ಬಂದರು. ಪಕ್ಕದ ಮನೆಯ ಪದ್ಮಾವತಮ್ಮ ಊದುಬತ್ತಿಯ ಪರಿಮಳದಂಥ ಭಕ್ತಿಯಿಂದ ಕೇಳಿದರು, "ಗುಜರಾತಿಗೆ ಹೋಗಿದ್ರಂತಲ್ಲ. ದ್ವಾರಕೆ ತಾನೆ? ದರ್ಶನ ಚೆನ್ನಾಗಾಯ್ತಾ?"

"ದ್ವಾರಕೆಗೆ ಹೋಗ್ಲಿಲ್ಲ."

"ಅಯ್ಯೋ! ಮತ್ತೆ ನೀವು ಹೋದ ಕಡೆ ಯಾವ ದೇವರು?"

"ದೇವರ ಗುಡಿ ಏನೂ ಇರ್ಲಿಲ್ಲ" ಎಂದರು ಅತ್ತೆ. ಸ್ವಲ್ಪ ಯೋಚಿಸಿ, "ಜಾಗ ಇತ್ತು" ಎಂದರು.

ಐದಾರು ಹೆಂಗಸರು, ಒಬ್ಬೊಬ್ಬರೂ ತಂತಮ್ಮ ಮಡಿಲಿನ ಕಡೆ ನೋಡುತ್ತ ಕೂತರು. ನಾನು ಕಾಫಿ ತರಲು ಒಳಗೆ ಹೊರಟೆ. ಪದ್ಮಾವತಮ್ಮ ನನ್ನ ಹಿಂದೆಯೇ ಅಡುಗೆಮನೆಯ ಬಾಗಿಲವರೆಗೂ ಬಂದು, ದನಿ ತಗ್ಗಿಸಿ ಕೇಳಿದರು:

"ವಿಮಲಾ, ಹೋಗಿ ಬರೋಕೆ ಎಷ್ಟು ದಿನ ಬೇಕಾಗತ್ತೆ?"