ಒಂದು ಆಳಿನ ಕೆಲಸ

ಹೊಸೂರಿನ ಫ್ಯಾಕ್ಟರಿಗಳಲ್ಲಿ ಆಗ ಇದ್ದದ್ದು ಎರಡೇ ಜಾತಿ. ಒಂದು ಪರ್ಮನೆಂಟು, ಇನ್ನೊಂದು ಕಾಂಟ್ರಾಕ್ಟು. ಪರ್ಮನೆಂಟಿನವರಿಗೆ ನೀಲಿ ಕೋಟು, ನಮಗೆ ಬೂದಿ ಬಣ್ಣದ್ದು. ಅವರು ಕಂಪನಿ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡುತ್ತ ಬರುತ್ತಿದ್ದರು. ನಾನು ಜವಳಗಿರಿ ಬಸ್ಸಿನಲ್ಲಿ ಒಂದು ಕಾಲೂರಿ ನಿಂತು ಬರುತ್ತಿದ್ದೆ. ಆನೆ ರಸ್ತೆಗಿಳಿದು ಬಸ್ಸು ತಡವಾದರೆ ಅವತ್ತು ಅರ್ಧ ದಿನದ ಕೂಲಿ ಹೋಯಿತೆಂದೇ ತಿಳಿಯಬೇಕು, ಏಕೆಂದರೆ ಕಾಂಟ್ರಾಕ್ಟಿನವರು ಹೇಳಿದರೆ ಆನೆಯೂ ನೆಪವೇ. ಮದುವೆಗೆ ಗಂಡು ಹುಡುಕುವವರು ಹುಡುಗನ ಓದು ಕೇಳುತ್ತಿರಲಿಲ್ಲ, ಪರ್ಮನೆಂಟಾ ಎಂದು ಕೇಳುತ್ತಿದ್ದರು. ನನ್ನ ಗಂಡ ಗುಲಾಬಿ ತೋಟದ ಪ್ಯಾಕಿಂಗ್ ಶೆಡ್ಡಿನಲ್ಲಿದ್ದರು. ಅವರದೂ ಇವತ್ತು ಇದ್ದು ನಾಳೆ ಇಲ್ಲದ ಕೆಲಸವೇ. ಮನೆಯಲ್ಲಿ ಒಬ್ಬರಾದರೂ ಪರ್ಮನೆಂಟ್ ಆಗಲೇಬೇಕು, ಅದು ನಾನೇ ಆಗಬೇಕು ಎಂದು ಹಟ ಹಿಡಿದಿದ್ದೆ.

ಕೃಷ್ಣಗಿರಿ ಹೊಸದಾಗಿ ಜಿಲ್ಲೆಯಾಗಿದ್ದ ಕಾಲ ಅದು. ನಾನಿದ್ದ ಫ್ಯಾಕ್ಟರಿಯಲ್ಲಿ ಗಾಡಿ ಕಂಪನಿಗಳಿಗೆ ತಗಡು ಒತ್ತುವ ಅಚ್ಚುಗಳನ್ನು ಮಾಡುತ್ತಿದ್ದರು. ನನ್ನ ಕೆಲಸ ಡ್ರಾಯಿಂಗ್ ಆಫೀಸಿನಲ್ಲಿ. ಅಚ್ಚಿನ ಒಂದೊಂದು ಭಾಗಕ್ಕೂ ಕಂಪ್ಯೂಟರಿನಲ್ಲಿ ಒಂದೊಂದು ಡ್ರಾಯಿಂಗು, ಪ್ರತಿ ಡ್ರಾಯಿಂಗಿನ ಬಲಗಡೆಯ ಕೆಳಮೂಲೆಯಲ್ಲಿ ಒಂದು ಚೌಕ. ಅದಕ್ಕೆ ಟೈಟಲ್ ಬ್ಲಾಕ್ ಎನ್ನುತ್ತಾರೆ. ಕಂಪನಿಯ ಹೆಸರು, ಗುರುತು, ಭಾಗದ ನಂಬರು, ಯಾವ ಲೋಹ, ಬರೆದವರು ಯಾರು, ಪರೀಕ್ಷಿಸಿದವರು ಯಾರು, ಎಲ್ಲ ಅದರೊಳಗೆ. ಗೆರೆಗಳನ್ನೂ ಅಕ್ಷರಗಳನ್ನೂ ಸೇರಿಸಿ ಒಂದು ಗಂಟು ಕಟ್ಟಿ ಅದಕ್ಕೊಂದು ಹೆಸರಿಟ್ಟರೆ ಅದೇ ಬ್ಲಾಕು. ಹೆಸರು ಹಿಡಿದು ಕರೆದರೆ ಇಡೀ ಗಂಟು ಬಂದು ಹೇಳಿದ ಜಾಗದಲ್ಲಿ ಕೂರುತ್ತದೆ.

ಬರೆದವರ ಜಾಗದಲ್ಲಿ ಬರೆದವರ ಇನಿಷಿಯಲ್ ಹಾಕಬೇಕು. ಬರೆಯುತ್ತಿದ್ದವಳು ನಾನು, ಬೀಳುತ್ತಿದ್ದ ಇನಿಷಿಯಲ್ ಪಕ್ಕದ ಸೀಟಿನ ಹಿರಿಯ ಡ್ರಾಫ್ಟ್ಸ್‌ಮನ್‌ದು. ಕಾಂಟ್ರಾಕ್ಟಿನವರ ಇನಿಷಿಯಲ್ ಕಂಡರೆ ಗಿರಾಕಿಗಳು ಒಪ್ಪುವುದಿಲ್ಲವಂತೆ. ಗೆರೆ ನನ್ನದಾದರೆ ಒಪ್ಪುತ್ತಾರೆ, ಹೆಸರಿನ ಎರಡಕ್ಷರ ನನ್ನದಾದರೆ ಅಚ್ಚು ಸೀಳಿಹೋಗುತ್ತದೆ ನೋಡಿ. ಆ ಹಿರಿಯರು ಕೋಲಾರದ ಕಡೆಯವರು, ಫ್ಯಾಕ್ಟರಿ ಶುರುವಾದಾಗಿನಿಂದ ಇದ್ದವರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಆಫೀಸಿನಲ್ಲಿ ಕನ್ನಡ ಮಾತಾಡಲು ನನಗಿದ್ದವರು ಅವರೊಬ್ಬರೇ. ಮೇಜಿನ ಡ್ರಾಯರಿನಲ್ಲಿ ನಶ್ಯದ ಡಬ್ಬಿ ಇಟ್ಟುಕೊಂಡು, ಊಟವಾದ ಮೇಲೆ ಕೂತಲ್ಲೇ ತೂಕಡಿಸುವ ಮನುಷ್ಯ. ನಾನು ಬರೆದದ್ದಕ್ಕೆ ತಮ್ಮ ಇನಿಷಿಯಲ್ ಬೀಳುವುದನ್ನು ಅವರು ಒಂದು ದಿನವೂ ಬೇಡ ಎನ್ನಲಿಲ್ಲ.

ಹೀಗಿರುವಾಗ ಕಂಪನಿಗೆ ಹೊರದೇಶದ ಪಾಲುದಾರರು ಬಂದರು. ಹೆಸರು ಬದಲಾಯಿತು, ಗುರುತು ಬದಲಾಯಿತು. ಹಳೆಯ ಡ್ರಾಯಿಂಗುಗಳಿಗೆಲ್ಲ ಹೊಸ ಚೌಕ ಕೂರಿಸಬೇಕೆಂದು ಅಪ್ಪಣೆಯಾಯಿತು. ಸಾವಿರಗಟ್ಟಲೆ ಡ್ರಾಯಿಂಗುಗಳು. ನಮ್ಮ ಮ್ಯಾನೇಜರು ಸೇಲಂ ಕಡೆಯವರು, ಬಾಯಿ ಬಿಟ್ಟರೆ ಬೆಲ್ಲ. ನನ್ನನ್ನು ಕ್ಯಾಬಿನ್ನಿಗೆ ಕರೆದು ಕೂರಿಸಿ, ಈ ರಾಶಿ ತೋರಿಸಿಯೇ ಮೇಲಿನವರ ಹತ್ತಿರ ಒಂದು ಪರ್ಮನೆಂಟ್ ಪೋಸ್ಟು ಕೇಳಿದ್ದೇನೆ, ಒಬ್ಬರಿಗೆ ಎರಡು ವರ್ಷಕ್ಕಾಗುವಷ್ಟು ಕೆಲಸವಿದೆ ಎಂದಿದ್ದೇನೆ, ಆ ಪೋಸ್ಟು ನಿನಗೇ, ಚೆನ್ನಾಗಿ ಮಾಡಿ ತೋರಿಸು ಎಂದರು. ಮೂಗಿಗೆ ತುಪ್ಪ ಸವರುವುದು ಎಂದರೆ ಇದೇ. ಆ ತುಪ್ಪದ ವಾಸನೆಯಲ್ಲೇ ನಾನು ತಿಂಗಳುಗಟ್ಟಲೆ ಬದುಕಿದೆ.

ಕೈಯಲ್ಲಿ ಮಾಡುವುದು ಹೇಗಿತ್ತೆಂದರೆ, ಫೈಲು ತೆರೆ, ಹಳೆಯ ಚೌಕದಲ್ಲಿದ್ದದ್ದನ್ನು ಚೀಟಿಯಲ್ಲಿ ಬರೆದುಕೋ, ಚೌಕ ಅಳಿಸು, ಹೊಸದನ್ನು ಕರೆ, ಚೀಟಿ ನೋಡಿ ಎಲ್ಲ ಮತ್ತೆ ಟೈಪು ಮಾಡು, ಉಳಿಸು, ಮುಚ್ಚು. ಮತ್ತೆ ಮೊದಲಿಂದ. ಸಂಜೆ ಹೊತ್ತಿಗೆ ಮಣಿಕಟ್ಟು ಸೆಳೆಯುತ್ತಿತ್ತು, ಮೂರು ಎಂಟಾಗಿ ಕಾಣುತ್ತಿತ್ತು. ಒಂದು ಸಲ ನಿಜವಾಗಿಯೂ ಮೂರು ಇದ್ದಲ್ಲಿ ಎಂಟು ಹೊಡೆದಿದ್ದೆ. ಕೆಳಗೆ ಮಷಿನ್ ಶಾಪಿನವರು ಬೇರೆ ಭಾಗವನ್ನೇ ಕೊರೆದಿಟ್ಟರು. ಅವತ್ತು ಬಿದ್ದ ಬೈಗುಳಕ್ಕೆ ಮಾತ್ರ ಯಾರ ಇನಿಷಿಯಲ್ಲೂ ಅಡ್ಡ ಬರಲಿಲ್ಲ, ನೇರವಾಗಿ ನನಗೇ ಬಿತ್ತು. ನನಗೆ ಮೊದಲಿಂದಲೂ ತಾಳ್ಮೆ ಕಡಿಮೆ. ಮಾಡಿದ್ದನ್ನೇ ಮಾಡಿಸಿದರೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ಆ ಸಾಫ್ಟ್‌ವೇರಿನಲ್ಲೇ ಸಣ್ಣ ಸಣ್ಣ ಪ್ರೋಗ್ರಾಂ ಬರೆಯಬಹುದು ಎಂದು ಎಲ್ಲೋ ಓದಿದ್ದೆ. ಬೆಂಗಳೂರಿಗೆ ಮದುವೆಗೆ ಹೋದಾಗ ಹಳೆ ಪುಸ್ತಕದಂಗಡಿಯಲ್ಲಿ ಅದರದೇ ಒಂದು ಜೆರಾಕ್ಸ್ ಪುಸ್ತಕ ಸಿಕ್ಕಿತು. ಇಂಗ್ಲಿಷಿನದು. ನಾನು ಓದಿದ್ದು ತಮಿಳು ಮೀಡಿಯಂ, ಆಮೇಲೆ ಐಟಿಐ. ಊಟದ ಬಿಡುವಿನಲ್ಲಿ ಒಂದೊಂದೇ ಸಾಲು ಅಕ್ಷರ ಕೂಡಿಸಿ ಓದಿದೆ. ತುಂಬ ಬ್ರಾಕೆಟ್ಟುಗಳು. ಒಂದು ತೆರೆದರೆ ಒಂದು ಮುಚ್ಚಬೇಕು, ನಡುವೆ ಎಲ್ಲಾದರೂ ಒಂದು ತಪ್ಪಿದರೆ, ರವಿಕೆಯ ಹುಕ್ಕು ಮೇಲಿಂದ ಒಂದು ತಪ್ಪಿ ಹಾಕಿದ ಹಾಗೆ, ಕೊನೆಯವರೆಗೂ ಎಲ್ಲ ತಪ್ಪು. ಅದನ್ನೂ ಕಲಿತೆ.

ನಾನು ಬರೆದ ಪ್ರೋಗ್ರಾಮನ್ನು ಮೊದಲ ಸಲ ಓಡಿಸಿದಾಗ ಒಂದು ವಿಚಿತ್ರವಾಯಿತು. ಹೊಸ ಚೌಕವನ್ನು ಕರೆಯುತ್ತೇನೆ, ಬಂದು ಕೂರುವುದು ಹಳೆಯದೇ. ಎಷ್ಟು ಸಲ ಕರೆದರೂ ಅದೇ ಹಳೆಯ ಗುರುತು ಹಲ್ಲು ಕಿರಿಯುತ್ತದೆ. ವಾರವೆಲ್ಲ ತಲೆ ಕೆಟ್ಟುಹೋಯಿತು. ಆಮೇಲೆ ತಿಳಿಯಿತು, ಎರಡಕ್ಕೂ ಇಟ್ಟಿದ್ದ ಹೆಸರು ಒಂದೇ. ಆ ಹೆಸರಿನದೊಂದು ಡ್ರಾಯಿಂಗಿನೊಳಗೆ ಮೊದಲೇ ಇದ್ದರೆ ಕಂಪ್ಯೂಟರು ಅದನ್ನೇ ಹಿಡಿದುಕೊಳ್ಳುತ್ತದೆ, ಹೊರಗಿನದನ್ನು ಒಳಗೆ ಬಿಡುವುದಿಲ್ಲ. ಕೈಯಲ್ಲಿ ಮಾಡುವಾಗ ಹಳೆಯದರ ಬದಲು ಹೊಸದು ಹಾಕಲೇ ಎಂದು ಅದೇ ಕೇಳುತ್ತಿತ್ತು, ಹೌದು ಎಂದು ಒತ್ತಿಬಿಡುತ್ತಿದ್ದೆ, ಅದಕ್ಕೇ ಗೊತ್ತಾಗಿರಲಿಲ್ಲ. ನಮ್ಮ ಕಡೆ ಅತ್ತೆಯ ಹೆಸರೇ ಸೊಸೆಗೂ ಇದ್ದರೆ ಮದುವೆಯಲ್ಲೇ ಸೊಸೆಗೆ ಬೇರೆ ಹೆಸರಿಟ್ಟು ಮನೆ ತುಂಬಿಸಿಕೊಳ್ಳುತ್ತಾರೆ. ನಾನೂ ಹೊಸ ಚೌಕಕ್ಕೆ ಬೇರೆ ಹೆಸರಿಟ್ಟೆ. ಬಂದು ಕೂತಿತು.

ಕಮಾಂಡಿಗೂ ಒಂದು ಹೆಸರು ಬೇಕಿತ್ತು. ತಮಿಳು ಆಫೀಸು, ಇಂಗ್ಲಿಷು ಕಂಪ್ಯೂಟರು, ನಾನು ಬೇಕೆಂದೇ ಕನ್ನಡದಲ್ಲಿಟ್ಟೆ. ಇಂಗ್ಲಿಷ್ ಅಕ್ಷರದಲ್ಲಿ ‘ತೆಗಿ’ ಎಂದು ಹೊಡೆದರೆ ಹಳೆಯ ಚೌಕದ ಹೆಸರು ನಂಬರೆಲ್ಲ ನೆನಪಿನಲ್ಲಿಟ್ಟುಕೊಂಡು ಅದನ್ನು ಅಳಿಸುವುದು, ‘ಹಾಕು’ ಎಂದರೆ ಹೊಸದನ್ನು ಕೂರಿಸಿ ಎಲ್ಲವನ್ನೂ ಅದರದರ ಜಾಗದಲ್ಲಿ ತುಂಬುವುದು. ಕೊನೆಗೆ ಒಂದು ಸ್ಕ್ರಿಪ್ಟ್ ಫೈಲಿನಲ್ಲಿ ಡ್ರಾಯಿಂಗುಗಳ ಹೆಸರನ್ನೆಲ್ಲ ಸಾಲಾಗಿ ಕೊಟ್ಟೆ. ಕಂಪ್ಯೂಟರು ತಾನೇ ಒಂದನ್ನು ತೆರೆದು, ತೆಗೆದು, ಹಾಕಿ, ಮುಚ್ಚಿ, ಮುಂದಿನದಕ್ಕೆ ಹೋಗತೊಡಗಿತು. ನಾನು ಕೈಕಟ್ಟಿ ಕೂತು ನೋಡಿದೆ. ಅಷ್ಟು ಸಂತೋಷ ನನಗೆ ಮಗಳು ಹುಟ್ಟಿದಾಗ ಬಿಟ್ಟರೆ ಇನ್ಯಾವಾಗಲೂ ಆಗಿರಲಿಲ್ಲ. ಸುಳ್ಳೇಕೆ ಹೇಳಲಿ, ಕಣ್ಣಲ್ಲಿ ನೀರು ಬಂದಿತ್ತು.

ಅಣ್ಣ ಕುರ್ಚಿ ತಿರುಗಿಸಿಕೊಂಡು ಎಷ್ಟೋ ಹೊತ್ತು ಪರದೆಯನ್ನೇ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು. "ಯಾಕಮ್ಮ ಇಂಗೆ ಅವಸರ ಬೀಳ್ತೀಯ? ದಿನಕ್ಕೆ ಒಂದಷ್ಟು ಮಾಡು, ಮಿಕ್ಕಿದ್ದು ಅಂಗೇ ಬಿದ್ದಿರ್ಲಿ. ರಾಶಿ ಇರೋಗಂಟ ನೀನಿರ್ತೀಯ ಕಣಮ್ಮ."

ನನಗೆ ಸಿಟ್ಟು ನೆತ್ತಿಗೇರಿತು. ವರ್ಷಗಟ್ಟಲೆ ನನ್ನ ಗೆರೆಗಳ ಮೇಲೆ ತಮ್ಮ ಇನಿಷಿಯಲ್ ಹಾಕಿಸಿಕೊಂಡವರು, ಈಗ ನನ್ನ ಕೈ ಮೇಲಾಗುವುದನ್ನು ನೋಡಲಾರದೆ ಹೊಟ್ಟೆ ಉರಿದುಕೊಳ್ಳುತ್ತಿದ್ದಾರೆ ಎಂದೇ ತಿಳಿದೆ. "ನಿಧಾನ ಎಲ್ಲ ನಿಮ್ಗೆ ಸರಿಯಾಯ್ತದೆ ಬಿಡಣ್ಣ, ರಿಟೈರಾಗೋರು" ಎಂದುಬಿಟ್ಟೆ. ಅವರು ಒಂದು ಚಿಟಿಕೆ ನಶ್ಯ ಏರಿಸಿ ಕುರ್ಚಿಯನ್ನು ಅತ್ತ ತಿರುಗಿಸಿಕೊಂಡರು.

ಎರಡು ವರ್ಷದ ರಾಶಿ ಮಳೆಗಾಲ ಮುಗಿಯುವುದರೊಳಗೆ ಕರಗಿತು. ತಪ್ಪಿದೆಯೇ ಎಂದು ಒಂದೊಂದನ್ನೂ ತೆರೆದು ನೋಡಿದ್ದೇ ಹೆಚ್ಚು ಹೊತ್ತು ಹಿಡಿದದ್ದು. ಮ್ಯಾನೇಜರ ಮುಖ ಹೂವಾಯಿತು. ಅವರೇ ಹೋಗಿ ನನ್ನ ಹೆಸರನ್ನು ಕೈಜೆನ್‌ಗೆ ಕೊಟ್ಟು ಬಂದರು. ಕೆಲಸ ಹಗುರ ಮಾಡುವ ಉಪಾಯ ಹುಡುಕಿದವರಿಗೆ ಬಹುಮಾನ ಕೊಡುವ ಪದ್ಧತಿ ಅದು, ಜಪಾನಿನವರದಂತೆ. ನಮ್ಮ ಕಡೆ ಫ್ಯಾಕ್ಟರಿಯ ಗೋಡೆಗೋಡೆಯ ಮೇಲೂ ಆ ಪದ ಬರೆದಿರುತ್ತಿತ್ತು. ಕಾಂಟ್ರಾಕ್ಟಿನವಳೊಬ್ಬಳಿಗೆ ಬಹುಮಾನ ಬಂದದ್ದು ಅದೇ ಮೊದಲು ಎಂದು ಎಲ್ಲರೂ ಹೇಳಿದರು. ನಾನು ಮದುವೆಯ ಸೀರೆ ಉಟ್ಟು ಅದರ ಮೇಲೆ ಬೂದಿ ಕೋಟು ಹಾಕಿಕೊಂಡು ಹೋದೆ.

ಸೈಕಲ್ ಸ್ಟ್ಯಾಂಡಿನಲ್ಲಿ ಶಾಮಿಯಾನ ಹಾಕಿದ್ದರು. ಫ್ಯಾಕ್ಟರಿಯ ದೊಡ್ಡ ಸಾಹೇಬರು ನನ್ನನ್ನು ವೇದಿಕೆಗೆ ಕರೆದು ಏನು ಮಾಡಿದೆಯಮ್ಮ ಎಂದು ಕೇಳಿದರು. ತೆಗಿ, ಹಾಕು ಎರಡನ್ನೂ ವಿವರಿಸಿದೆ. ಆ ಪದಗಳನ್ನು ಕೇಳಿ ಕೆಳಗಿದ್ದ ಕನ್ನಡದವರು ಸಿಳ್ಳೆ ಹೊಡೆದರು. ಸಾಹೇಬರು ನಕ್ಕು, ಮೈಕನ್ನು ನನ್ನ ಕಡೆ ಹಿಡಿದು, ಇದರಿಂದ ಎಷ್ಟು ಆಳು ಉಳಿತಾಯ ಎಂದು ತಮಿಳಿನಲ್ಲಿ ಕೇಳಿದರು. ಅವರಿಗೆ ಯಾವಾಗಲೂ ಕೊನೆಯಲ್ಲಿ ಅದೊಂದು ಲೆಕ್ಕ ಬೇಕು. ನಾನು ಮ್ಯಾನೇಜರ ಮಾತನ್ನು ನೆನೆದುಕೊಂಡು, ಒಬ್ಬರಿಗೆ ಎರಡು ವರ್ಷದ ಕೆಲಸ ಎಂದಿದ್ದರಲ್ಲ, "ಒರು ಆಳ್ ಸಾರ್" ಎಂದೆ. ಒಂದು ಆಳು. ಚಪ್ಪಾಳೆಯೋ ಚಪ್ಪಾಳೆ. ನಾನೂ ತಟ್ಟಿದೆ.

ಬಹುಮಾನ ಒಂದು ಹಾಟ್‌ಬಾಕ್ಸು. ಮನೆಯವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇನ್ನೇನ್ ಕಣೆ, ನೀಲಿ ಕೋಟು ಬಂದಂಗೇ" ಎಂದರು. ಅದರಲ್ಲಿ ಮುದ್ದೆ ಇಟ್ಟರೆ ಬೆವರಿ ನೀರು ಬಿಡುತ್ತಿತ್ತು. ಆದರೂ ತಿಂಗಳೆಲ್ಲ ಅದರಲ್ಲೇ ಉಂಡೆವು.

ಆ ತಿಂಗಳ ಕೊನೆಗೆ ಕಾಂಟ್ರಾಕ್ಟರನ ಸೂಪರ್‌ವೈಸರು ಬಂದು ಬ್ರೇಕ್ ತೆಗೆದುಕೋ ಎಂದ. ಇದೊಂದು ಅಲ್ಲಿಯ ನಾಟಕ. ಸತತವಾಗಿ ದುಡಿಸಿಕೊಂಡರೆ ಆಳು ಪರ್ಮನೆಂಟ್ ಮಾಡಿ ಎಂದು ಕೋರ್ಟಿಗೆ ಹೋಗಬಹುದಲ್ಲ, ಅದಕ್ಕೆ ವರ್ಷಕ್ಕೊಮ್ಮೆ ಕೆಲವು ದಿನ ಮನೆಗೆ ಕಳಿಸಿ, ಹೊಸ ಟೋಕನ್ ಕೊಟ್ಟು, ಹೊಸಬರ ಹಾಗೆ ಮತ್ತೆ ಸೇರಿಸಿಕೊಳ್ಳುವುದು. ಪ್ರತಿ ವರ್ಷವೂ ಆಗುತ್ತಿದ್ದದ್ದೇ. ಈ ಸಲ ಇದೇ ಕೊನೆಯ ಬ್ರೇಕು, ವಾಪಸು ಹೋಗುವುದು ಪರ್ಮನೆಂಟಾಗಿಯೇ ಎಂದುಕೊಂಡು ಕೋಟು ಒಗೆದು ಇಸ್ತ್ರಿ ಮಾಡಿ ಕೊಟ್ಟು ಬಂದೆ. ಎಂಥ ಪೆದ್ದಿ!

ವಾರ ಕಳೆಯಿತು, ತಿಂಗಳು ಕಳೆಯಿತು. ಸೂಪರ್‌ವೈಸರಿಗೆ ಫೋನು ಮಾಡಿದರೆ ಕರೆಯುತ್ತೇವೆ ಎನ್ನುತ್ತಿದ್ದ. ಆಮೇಲೆ ಫೋನು ಎತ್ತುವುದನ್ನೇ ಬಿಟ್ಟ. ಅಕ್ಕಪಕ್ಕದವರು ರಜೆಯಾ ಎಂದು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಮಾವಿನಕಾಯಿ ಲಾರಿಗಳು ಕೃಷ್ಣಗಿರಿ ಕಡೆಗೆ ಓಡಾಡತೊಡಗಿದ ಮೇಲೆ ಇನ್ನು ತಡೆಯಲಾರದೆ ಒಂದು ದಿನ ಬಸ್ಸು ಹತ್ತಿ ನೇರ ಫ್ಯಾಕ್ಟರಿ ಗೇಟಿಗೆ ಹೋದೆ. ದಿನಾ ವಣಕ್ಕಂ ಹೇಳುತ್ತಿದ್ದ ವಾಚ್‌ಮನ್ನು ಒಳಗೆ ಬಿಡಲಿಲ್ಲ, ಪಕ್ಕಕ್ಕೆ ನಿಲ್ಲು ಎಂದ. ಬಿಸಿಲಿನಲ್ಲಿ ನಿಂತೆ.

ಮ್ಯಾನೇಜರು ಹೊರಗೆ ಬಂದರು. ಬರದೆ ಇರಬಹುದಿತ್ತು, ಬಂದರು, ಅಷ್ಟನ್ನು ಒಪ್ಪಬೇಕು. ಊಟವಾಯಿತಾ, ಮಗು ಹೇಗಿದೆ ಎಂದೆಲ್ಲ ಕೇಳಿದರು. ಪೋಸ್ಟು ಏನಾಯಿತು ಎಂದೆ. ಮೇಲಿನವರು ಆ ರಾಶಿ ಇನ್ನೂ ಇದೆಯಾ ಎಂದು ಕೇಳಿದರಂತೆ, ಮುಗಿಯಿತು ಎಂದು ಇವರು ಹೇಳಬೇಕಾಯಿತಂತೆ, ಕೆಲಸವೇ ಇಲ್ಲದ ಮೇಲೆ ಪೋಸ್ಟು ಯಾಕೆ ಎಂದು ಹೊಡೆದುಹಾಕಿದರಂತೆ, ಕಾಂಟ್ರಾಕ್ಟಿನವರನ್ನೂ ಕಡಿಮೆ ಮಾಡಿ ಎಂದರಂತೆ. ಇನ್ನೆಲ್ಲಾದರೂ ಹಳೆಯ ಚೌಕದ ಡ್ರಾಯಿಂಗು ಸಿಕ್ಕರೆ ಎಂದೆ. ಅದಕ್ಕೇನಮ್ಮ, ಯಾರು ಬೇಕಾದರೂ ನಿನ್ನ ಕಮಾಂಡು ಹೊಡೆದರೆ ಆಯಿತು ಎಂದರು, ನನಗೆ ಸಂತೋಷವಾಗಲಿ ಎಂಬ ಹಾಗೆ.

ನೀವೇ ಮಾತು ಕೊಟ್ಟಿದ್ದಿರಿ ಎಂದೆ. ನನ್ನ ದನಿ ಏರಿತ್ತು, ವಾಚ್‌ಮನ್ನು ತಿರುಗಿ ನೋಡಿದ. ಮ್ಯಾನೇಜರು ಕೋಪಿಸಿಕೊಳ್ಳಲಿಲ್ಲ. ಅದೇ ಬೆಲ್ಲದ ದನಿಯಲ್ಲಿ ಹೇಳಿದರು. "ನೀಯೇ ಸೊನ್ನಿಯೇಮ್ಮಾ, ಒರು ಆಳ್ ಮಿಚ್ಚಂ‌ನು." ನೀನೇ ಹೇಳಿದೆಯಲ್ಲಮ್ಮ, ಒಂದು ಆಳು ಉಳಿತಾಯ ಅಂತ.

ಅವತ್ತು ಅವರೊಂದಿಗೆ ಯಾವತ್ತೂ ತಮಿಳಿನಲ್ಲೇ ಮಾತಾಡುತ್ತಿದ್ದವಳ ಬಾಯಿಂದ ಕನ್ನಡ ಹೊರಟಿತು.

"ಆ ಆಳು ನಾನೇ ಸಾರ್."

ತಮಿಳಿನವರಿಗೂ ಅರ್ಥವಾಗುವ ಮಾತೇ ಅದು, ಹೆಚ್ಚು ಕಡಿಮೆ ಅದೇ ಪದಗಳು. ಅವರು ಅರ್ಥವಾಗದವರ ಹಾಗೆ ವಾಚು ನೋಡಿಕೊಂಡು, ಸರಿಯಮ್ಮ, ಸರಿಯಮ್ಮ ಎನ್ನುತ್ತ ಒಳಗೆ ಹೋದರು.